ಟೇಲೆಂಡ್: ಇಸ್ಪೀಟೆಲೆಯಲ್ಲಿ ಕಾಲುವೆ ನೀರಿನ ಆಟ

ಮನೆಮಂದಿಗೆಲ್ಲ ಹೊಸ ಇಸ್ಪೀಟಾಟ ಕಟ್ಟಲು ಒಂದು ಒಳ್ಳೆ ಜಗಳ ಸಿಕ್ಕರೆ ಸಾಕು, ನಿಯಮಗಳು ಅದರ ಬೆನ್ನಿಗೇ ಬರುತ್ತವೆ. ರಾಯಚೂರು ಜಿಲ್ಲೆಯಲ್ಲಿ ಜಗಳ ಹುಡುಕಿಕೊಂಡು ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಶುರುವಾಗಿ 227 ಕಿ.ಮೀ. ಹರಿಯುತ್ತದೆ. ಮೇಲಿನವರ ನಾಟಿ ಮುಗಿದರೂ ಮಾನ್ವಿ, ಸಿರವಾರ ಕಡೆಯ ಟೇಲೆಂಡ್ ರೈತರು, ಅಂದರೆ ಕಾಲುವೆಯ ಕೊನೆಯವರು, ನೀರಿನ ಮಟ್ಟ ತೋರಿಸುವ ಗೇಜು ನೋಡುತ್ತಲೇ ಇರುತ್ತಾರೆ. ಆ ಜಗಳದಿಂದ ನಾನು ಕಟ್ಟಿದ ಆಟ ಇದು.

ನಾಲ್ವರ ಆಟ ಹೀಗೆ. 52 ಎಲೆಯ ಕಟ್ಟಿನಿಂದ ನಾಲ್ಕೂ ರಾಜರನ್ನು ತೆಗೆಯಿರಿ, 48 ಉಳಿಯುತ್ತವೆ. ಕರಿ ಎಲೆ ಗದ್ದೆ, ಕೆಂಪು ಎಲೆ ನೀರು. ಎಕ್ಕಕ್ಕೆ ಒಂದು, ಹತ್ತಕ್ಕೆ ಹತ್ತು. ಬಣ್ಣ ಯಾವುದಿದ್ದರೂ ರಾಣಿ ಅಂದರೆ ಮಳೆ, ಐದು ನೀರಿಗೆ ಸಮ. ಗುಲಾಮ ನೀರುಗಂಟಿ, ಅಂದರೆ ಪಾಳಿ ನೋಡಿ ನೀರು ಬಿಡುವವನು. ಹೊರಗಿಟ್ಟ ರಾಜರಲ್ಲಿ ಒಂದನ್ನು ಕಾಲುವೆಯ ತಲೆಯಲ್ಲಿರುವವರ ಮುಂದಿಡಿ, ಅದೇ ತೂಬು.

ಪ್ರತಿ ಸುತ್ತಿಗೆ ಕಟ್ಟಿನಿಂದ ನಾಲ್ಕು ಎಲೆ ಬಿಚ್ಚಿ ಹರಡುತ್ತೀರಿ. ತೂಬಿನವರು ಬೇಕಾದ ಒಂದೆಲೆ ಎತ್ತಿಕೊಂಡ ಮೇಲೆ ಅವರ ಬಲಗಡೆಯವರು, ಆಮೇಲೆ ಅವರ ಬಲಗಡೆಯವರು. ನಾಲ್ಕನೆಯವರಿಗೆ ಉಳಿದದ್ದೇ ಗತಿ. ಗದ್ದೆಯನ್ನು ಎಲ್ಲರಿಗೂ ಕಾಣುವಂತೆ ಮುಂದಿಡಬೇಕು, ನೀರು ಕೈಯಲ್ಲೇ ಇರಲಿ. ಪಕ್ಕದವರ ಗದ್ದೆ ಕಾಣುತ್ತಿದ್ದರೆ ತಾನೇ ಅವರ ನೀರು ತಪ್ಪಿಸುವ ಕಿಲಾಡಿತನಕ್ಕೆ ಜಾಗ!

ಮುಂದಿನ ಸುತ್ತಿಗೆ ರಾಜ ಎಡಕ್ಕೆ ಸರಿಯಬೇಕು, ಅಂದರೆ ಕೊನೆಯಲ್ಲಿದ್ದವರಿಗೆ. ಬಲಕ್ಕೆ ಸರಿಸಿದರೂ ಲೆಕ್ಕ ಸಮವೇ, ಆದರೆ ಕೊನೆಯವರು ತಲೆಗೆ ಬರಲು ಮೂರು ಸುತ್ತು ಕಾಯಬೇಕು. ಅಷ್ಟರಲ್ಲಿ ಸಣ್ಣ ಮಕ್ಕಳು 'ನಮ್ ಕಡಿ ನೀರ ಬರವಲ್ದು' ಅಂತ ಎಲೆ ಚೆಲ್ಲಿ ಎದ್ದುಹೋಗುತ್ತಾರೆ.

ರಾಜರನ್ನು ಒಳಗೇ ಬಿಟ್ಟರೆ 13 ಸುತ್ತಾಗುತ್ತದೆ, ಯಾರೋ ಒಬ್ಬರಿಗೆ ತೂಬು ಒಂದು ಸಲ ಹೆಚ್ಚಿಗೆ ಸಿಗುತ್ತದೆ. 48ಕ್ಕೆ 12 ಸುತ್ತು; ನಾಲ್ವರಿಗೂ ಮೂರು ಸಲ ಮೊದಲ ಪಾಳಿ, ಮೂರು ಸಲ ಕೊನೆ ಪಾಳಿ. ಎಷ್ಟು ಜನ ಆಡುತ್ತಾರೋ ಆ ಸಂಖ್ಯೆಯ ವರ್ಗದಿಂದ ಎಲೆಗಳ ಸಂಖ್ಯೆ ಭಾಗವಾಗಬೇಕು, ಅಷ್ಟೇ ಗುಟ್ಟು. ಮೂವರಿದ್ದರೆ ರಾಜರ ಜೊತೆ ಮೂರು ಗುಲಾಮರನ್ನೂ ತೆಗೆದು 45. ಐವರಿದ್ದರೆ ಇಬ್ಬರೇ ರಾಜರನ್ನು ತೆಗೆದು 50; ಒಳಗುಳಿದ ಇಬ್ಬರೂ ಮಳೆ. ಆರು ಮಂದಿಗೆ 36 ಎಲೆಯಲ್ಲಿ ಲೆಕ್ಕ ಕೂಡುತ್ತದೆ, ಆದರೆ ತಲಾ ಆರೇ ಎಲೆ, ಹೊಂದಿಸಲು ಏನೂ ಇರುವುದಿಲ್ಲ. ಇನ್ನೊಂದು ಕಟ್ಟು ತಂದು ಮೂರು ಮೂರು ಜನ ಕೂರುವುದೇ ವಾಸಿ.

ಎಲೆ ಮುಗಿದ ಮೇಲೆ ಗದ್ದೆಗೆ ನೀರು ಹಾಯಿಸುವುದು. ಗದ್ದೆಯ ಅಂಕಿಯಷ್ಟು ನೀರು ಬೇಕು, ಎರಡು ಹೆಚ್ಚಾದರೆ ಪರವಾಗಿಲ್ಲ, ಮೂರು ಹೆಚ್ಚಾದರೆ ಬೆಳೆ ಕೊಳೆಯಿತು ಅಂತ ಲೆಕ್ಕ. ಈ ಮಿತಿ ಹಾಕದಿದ್ದರೆ ಹತ್ತರ ನೀರನ್ನು ಎರಡರ ಗದ್ದೆಗೆ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಸರಿಸಮವೇ ಆಗಬೇಕೆಂದು ಹಟ ಹಿಡಿದರೆ ಅರ್ಧ ಗದ್ದೆ ಒಣಗುತ್ತವೆ. ನೀರುಂಡ ಗದ್ದೆಗೆ ಅದರ ಅಂಕಿಯಷ್ಟು ಅಂಕ. ಒಣಗಿದ್ದಕ್ಕೆ, ಎಷ್ಟರದ್ದೇ ಇರಲಿ, ಮೂರು ಕಳೆಯಿರಿ. ಅಂಕಿಯಷ್ಟನ್ನೇ ಕಳೆದರೆ ಹತ್ತರ ಗದ್ದೆಯನ್ನು ಯಾರೂ ಮುಟ್ಟುವುದಿಲ್ಲ.

ಒಂದು ಕೈ ನೋಡಿ. ಗದ್ದೆ 10, 9, 6, 4, 2. ನೀರು 8, 4, 3, 2, 1, ಜೊತೆಗೊಂದು ರಾಣಿ. ಹೊಸಬರು ದೊಡ್ಡ ಗದ್ದೆಗಳಿಗೇ ಕೈ ಹಾಕುತ್ತಾರೆ: 8 ಮತ್ತು 2 ಸೇರಿ ಹತ್ತಕ್ಕೆ, ರಾಣಿ ಮತ್ತು 4 ಒಂಬತ್ತಕ್ಕೆ, 3 ಮತ್ತು 1 ನಾಲ್ಕಕ್ಕೆ. 23 ಬಂತು, ಎರಡು ಒಣಗಿದ್ದಕ್ಕೆ ಆರು ಹೋಗಿ 17. ಒಂಬತ್ತನ್ನು ಬಿಟ್ಟುಬಿಡಿ: 8 ಮತ್ತು 2 ಹತ್ತಕ್ಕೆ, ರಾಣಿ ಮತ್ತು 1 ಆರಕ್ಕೆ, 4 ನಾಲ್ಕಕ್ಕೆ, 3 ಎರಡಕ್ಕೆ. 22ರಲ್ಲಿ ಮೂರು ಹೋಗಿ 19. ನನಗೆ ಕೇಳಿದರೆ ಆಟದ ರುಚಿಯೆಲ್ಲ ಈ ಜೋಡಣೆಯಲ್ಲೇ ಇದೆ, ಇಲ್ಲಿ ಯಾರನ್ನೂ ಅವಸರ ಮಾಡಬೇಡಿ.

ಗುಲಾಮನನ್ನು ಎಸೆದರೆ ಆ ಸುತ್ತಿನ ಪಾಳಿ ತಿರುವುಮುರುವಾಗುತ್ತದೆ, ಕೊನೆಯವರು ಮೊದಲು. ಎಸೆಯುವುದು ಎಲೆ ಬಿಚ್ಚುವ ಮುಂಚೆಯೇ, ಸುತ್ತಿಗೆ ಒಬ್ಬನೇ ಗುಲಾಮ. ಬಿಚ್ಚಿದ ಮೇಲೆ ಬಿಟ್ಟರೆ 'ನಾ ಮೊದಲ ಹಾಕೀನಿ' ಅಂತ ಗಲಾಟೆ ನಿಲ್ಲುವುದಿಲ್ಲ. ಮುಂದಿನ ಸುತ್ತಿಗೆ ರಾಜ ಎಂದಿನಂತೆ ಎಡಕ್ಕೇ. ಕೊನೆಗೂ ಎಸೆಯದೆ ಉಳಿದ ಗುಲಾಮ ಒಂದು ಒಣ ಗದ್ದೆಯ ಮೂರು ಅಂಕ ಉಳಿಸುತ್ತಾನೆ. ಇಲ್ಲದಿದ್ದರೆ ಕೊನೆಯ ಸುತ್ತುಗಳಲ್ಲಿ ಅವನು ಬರೀ ಕಾಗದ.

ಕಲಸುವುದರಲ್ಲಿ ಸೋಮಾರಿತನ ಬೇಡ. ಆಟ ಮುಗಿದಾಗ ಗದ್ದೆ ಮತ್ತು ಅದರ ನೀರು ಜೋಡಿಯಾಗಿಯೇ ಕಟ್ಟಿಗೆ ಮರಳುತ್ತವೆ, ಮೇಲಿಂದ ಕೆಳಗೆ ನಾಲ್ಕು ಸಲ ಎಳೆದರೆ ಬಿಡಿಸಿಕೊಳ್ಳುವುದಿಲ್ಲ. ಜಮಖಾನದ ಮೇಲೆ ಕವುಚಿ ಹರಡಿ ಎರಡೂ ಕೈಯಿಂದ ಒಂದು ನಿಮಿಷ ಗಿರಗಿರ ಕಲಸಿ, ಆಮೇಲೆ ಕಟ್ಟು ಕೂಡಿಸಿ. ಮೇ ತಿಂಗಳ ಬೆವರಿಗೆ ಕಾಗದದ ಎಲೆ ಒಂದಕ್ಕೊಂದು ಅಂಟಿ, ಬಿಚ್ಚುವಾಗ ನಾಲ್ಕರ ಜಾಗದಲ್ಲಿ ಐದು ಬರುತ್ತವೆ. ಪ್ಲಾಸ್ಟಿಕ್ ಎಲೆ ತನ್ನಿ, ಫ್ಯಾನು ಎರಡರ ಮೇಲಿರಲಿ.