ಹಾಲು ಸಾಲುತ್ತಿಲ್ಲ ಅನ್ನಿಸಿದರೆ ಮೊದಲು ಇದನ್ನು ನೋಡಿ

ತೀರ್ಥಹಳ್ಳಿ, ಹೊಸನಗರದ ಕಡೆ ಬಾಣಂತನಕ್ಕೆ ತವರಿಗೆ ಬಂದಿರುವ ತಂಗಿಯರಿಗೆ ಒಂದು ಮಾತು. ಮಗು ಅತ್ತ ಕೂಡಲೇ ಹಾಲು ಸಾಲುತ್ತಿಲ್ಲ ಅಂತ ಪುಡಿ ಹಾಲಿನ ಡಬ್ಬಿ ತರಿಸಬೇಡಿ. ಮಗು ಹೇಗೆ ಕಚ್ಚಿದೆ ನೋಡಿ.

ಬರೀ ತೊಟ್ಟು ಬಾಯಲ್ಲಿದ್ದರೆ ಹಾಲು ಸರಿಯಾಗಿ ಬರಲ್ಲ, ತೊಟ್ಟೂ ಒಡೆಯುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಕೂತುಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಮೈಗೆ ತಾಗಬೇಕು, ತಲೆ ಬೆನ್ನು ಒಂದೇ ನೇರಕ್ಕಿರಬೇಕು. ತೊಟ್ಟನ್ನು ಮೇಲ್ದುಟಿಗೆ ಸವರಿ, ಬಾಯಿ ಅಗಲವಾಗಿ ತೆರೆದ ಕೂಡಲೇ ಮಗುವನ್ನೇ ಎದೆಗೆ ತನ್ನಿ. ನೀವು ಬಗ್ಗಬೇಡಿ, ಬೆನ್ನು ಹೋಗುತ್ತದೆ. ಕೆಳದುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ಒತ್ತಿ, ತೊಟ್ಟಿನ ಸುತ್ತಲ ಕಪ್ಪು ಭಾಗ ಬಹುಪಾಲು ಬಾಯೊಳಗಿದ್ದರೆ ಸರಿಯಾಗಿದೆ. ನೋಯುತ್ತಿದ್ದರೆ ಎಳೆಯಬೇಡಿ. ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ, ಮತ್ತೆ ಕಚ್ಚಿಸಿ.

ಹಗಲು ರಾತ್ರಿ ಸೇರಿ 8ರಿಂದ 12 ಸಲ ಕೊಡಿ, ಕುಡಿದಷ್ಟೂ ಹಾಲು ಹೆಚ್ಚುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಈ ಮಳೆಯಲ್ಲಿ ಬಟ್ಟೆ ಒಣಗಿಸುವ ಕಷ್ಟ ಗೊತ್ತು, ಆದರೂ ಒಂದೆರಡು ದಿನ ಡೈಪರ್ ಬಿಟ್ಟರೆ ಲೆಕ್ಕ ಸಿಗುತ್ತದೆ.

6 ತಿಂಗಳವರೆಗೆ ಬಜೆ, ಸಕ್ಕರೆ ನೀರು ಯಾವುದೂ ಬೇಡ, ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೂ ಬೇಡ. ಅಜ್ಜಿಯಂದಿರು ಪ್ರೀತಿಯಿಂದಲೇ ಹೇಳುತ್ತಾರೆ, ಬೇಜಾರಾಗದ ಹಾಗೆ ತಿಳಿಸಿ. ಬಾಣಂತಿ ನೀರು ಕುಡಿಯಬಾರದು ಅನ್ನುವುದನ್ನು ಮಾತ್ರ ಕೇಳಲೇಬೇಡಿ; ಬಾಯಾರಿದಾಗಲೆಲ್ಲ ಕುಡಿಯಿರಿ.

ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೂ ಹಾಲು ಕೊಡುವುದನ್ನು ನಿಲ್ಲಿಸಬೇಡಿ.