ಆರ್ಕೇಡ್ ಪೆಟ್ಟಿಗೆಯೊಳಗೆ ವೋಲ್ಟೇಜ್ ನೋಡುವುದು ಹೇಗೆ?

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯಲ್ಲಿ ಆಟ ಅರ್ಧಕ್ಕೇ ರೀಸೆಟ್ ಆಗುತ್ತಿದೆಯೇ? ಪರದೆ ತುಂಬ ಅರ್ಥವಿಲ್ಲದ ಚುಕ್ಕಿ, ಗೆರೆ ಬರುತ್ತಿವೆಯೇ? ಆಟದ ಸರ್ಕ್ಯೂಟ್ ಬೋರ್ಡ್ ಕೆಟ್ಟಿತು ಅಂತ ಆಗಲೇ ಕೈಚೆಲ್ಲಬೇಡಿ. ಎಷ್ಟೋ ಸಲ ಅದಕ್ಕೆ ಬೇಕಾದ 5 ವೋಲ್ಟ್ ಪೂರ್ತಿ ತಲುಪುತ್ತಿರುವುದಿಲ್ಲ. ವೋಲ್ಟೇಜ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು.

ಮೊದಲು ಪ್ಲಗ್ ಕಿತ್ತು, ಆಮೇಲೆ ಹಿಂಬಾಗಿಲು ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್‌ವರೆಗೂ ಕರೆಂಟು ಬಂದು ನಿಂತಿರುತ್ತದೆ. ಉಂಗುರ, ವಾಚು ಬಿಚ್ಚಿಡಿ.

ಪಿಕ್ಚರ್ ಟ್ಯೂಬ್ ಇರುವ ಹಳೆಯ ಮಾನಿಟರ್ ಆದರೆ ಅದರ ತಂಟೆಗೇ ಹೋಗಬೇಡಿ. ಟ್ಯೂಬಿನ ಮೇಲಿನ ರಬ್ಬರ್ ಟೊಪ್ಪಿಯ ಅಡಿಯಲ್ಲಿ 20,000 ವೋಲ್ಟ್‌ಗೂ ಜಾಸ್ತಿ ಇರಬಹುದು. ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. ಸಾಮಾನ್ಯ ಮೀಟರ್ ಅದನ್ನು ತಡೆಯುವುದಿಲ್ಲ, ನಾವಂತೂ ತಡೆಯುವುದೇ ಇಲ್ಲ.

ಈಗ ಮೀಟರ್. ಕಪ್ಪು ವೈರ್ ಕಾಮನ್ (COM) ತೂತಿಗೆ, ಕೆಂಪು ವೋಲ್ಟ್ ತೂತಿಗೆ. ಕೆಂಪನ್ನು 10 ಆಂಪಿಯರ್ ತೂತಿನಲ್ಲಿಟ್ಟು ವೋಲ್ಟೇಜ್ ಅಳೆಯಲು ಹೋದರೆ ನೇರವಾಗಿ ಶಾರ್ಟ್ ಆಗುತ್ತದೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಒಂದು ಹೊಸ ಪೆನ್ಸಿಲ್ ಸೆಲ್ ಅಳೆದು ನೋಡಿ. 1.5ರ ಆಸುಪಾಸು ತೋರಿಸಿದರೆ ಮೀಟರ್ ನಂಬಬಹುದು. ಕೆಂಪು ಪ್ರೋಬಿನ (ವೈರಿನ ಕೊನೆಯ ಲೋಹದ ಕಡ್ಡಿಯ) ತುದಿಯನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ. ಯಾಕೆಂದರೆ ಪಿನ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಪ್ರೋಬ್ ಜಾರಿ 12 ವೋಲ್ಟ್ ಪಿನ್ನನ್ನು 5 ವೋಲ್ಟ್ ಪಿನ್ನಿಗೆ ತಾಗಿಸಿತೋ, ಚಿಪ್‌ಗಳ ಕಥೆ ಮುಗಿಯಿತು.

ಕಪ್ಪು ವೈರನ್ನು ಕ್ಲಿಪ್ ಹಾಕಿ ಬೋರ್ಡಿನ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟ್ ಜಾಗಕ್ಕೆ, ಕಚ್ಚಿಸಿ. ಆಮೇಲೆ ಪ್ಲಗ್ ಹಾಕಿ. ಇನ್ನು ಒಳಗೆ ಹೋಗುವುದು ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ಪವರ್ ಸಪ್ಲೈನಲ್ಲಿ ಸಾಮಾನ್ಯವಾಗಿ ಗೋಡೆಯ ಕರೆಂಟು ಬರುವ ಮೇನ್ಸ್ ಸ್ಕ್ರೂಗಳೂ 5 ವೋಲ್ಟ್ ಸ್ಕ್ರೂಗಳೂ ಒಂದೇ ಸಾಲಿನಲ್ಲಿರುತ್ತವೆ, ಅಲ್ಲಿ ಹುಷಾರು.

1985ರಲ್ಲಿ ಬಂದ ಜಾಮಾ (JAMMA) ಕನೆಕ್ಟರ್, ಅಂದರೆ ಬೋರ್ಡನ್ನು ಪೆಟ್ಟಿಗೆಗೆ ಜೋಡಿಸುವ ಒಂದೇ ಮಾದರಿಯ ಕನೆಕ್ಟರ್, ಇದ್ದರೆ ಹುಡುಕಾಟ ಸುಲಭ. 1 ಮತ್ತು 2ನೇ ಪಿನ್ ಗ್ರೌಂಡ್, 3 ಮತ್ತು 4 ಪ್ಲಸ್ 5, 5ನೆಯದು ಮೈನಸ್ 5, 6ನೆಯದು ಪ್ಲಸ್ 12. ಬೇರೆ ಬೋರ್ಡ್‌ಗಳಿಗೆ ಅವುಗಳದೇ ನಕ್ಷೆ ಬೇಕು, ಸುಮ್ನೆ ಊಹೆ ಮಾಡಬೇಡಿ.

ಜಾಸ್ತಿ ಜನ ಎಡವುವುದು ಇಲ್ಲಿ: ಸಪ್ಲೈ ಹತ್ತಿರ 5.1 ಕಂಡ ಕೂಡಲೇ ಮೀಟರ್ ಎತ್ತಿಟ್ಟುಬಿಡುತ್ತಾರೆ. ಬೋರ್ಡಿನ ಅಂಚಿನಲ್ಲಿ ನೋಡಿದರೆ 4.6 ಇರಬಹುದು! ಉಳಿದದ್ದು ವೈರ್, ಕನೆಕ್ಟರ್‌ಗಳಲ್ಲೇ ಸೋರಿಹೋಗಿರುತ್ತದೆ. ಆದ್ದರಿಂದ ಆಟ ಓಡುತ್ತಿರುವಾಗ ಬೋರ್ಡಿನ ಮೇಲೇ ಅಳೆಯಿರಿ. 4.9ರಿಂದ 5.1 ಚೆನ್ನ. ಟಿಟಿಎಲ್ ಅನ್ನುವ ಹಳೆಯ ಬಗೆಯ ಚಿಪ್‌ಗಳಿಗೆ 4.75ರಿಂದ 5.25 ಎಲ್ಲೆ.

ಕಡಿಮೆ ಇದ್ದರೆ ಸಪ್ಲೈನ ಅಡ್ಜಸ್ಟ್ ತಿರುಪಿಗೆ ಕೈ ಹಾಕುವ ಮುನ್ನ ಸಪ್ಲೈ ಗ್ರೌಂಡಿಗೂ ಬೋರ್ಡ್ ಗ್ರೌಂಡಿಗೂ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. 0.2 ಬಂದರೆ ತಪ್ಪು ಗ್ರೌಂಡ್ ವೈರಿನದು. ಆಗ ಪ್ಲಗ್ ಕಿತ್ತು ಕನೆಕ್ಟರ್ ಒರೆಸಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿ. ಆಮೇಲೂ ಕಡಿಮೆ ಇದ್ದರೆ ಮಾತ್ರ ತಿರುಪನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ. ಕಣ್ಣು ಮೀಟರ್ ಮೇಲೇ ಇರಲಿ.

12 ವೋಲ್ಟ್‌ನದು ಇಷ್ಟು ನಾಜೂಕಿನ ವಿಷಯವಲ್ಲ. ಅರ್ಧ ವೋಲ್ಟ್ ಆಚೀಚೆ ನಡೆಯುತ್ತದೆ. ಮೈನಸ್ 5 ಎಷ್ಟೋ ಬೋರ್ಡ್‌ಗಳಿಗೆ ಬೇಕೇ ಇಲ್ಲ.

ಅಳೆದಾದ ಮೇಲೆ ಮೊದಲು ಪ್ಲಗ್, ಆಮೇಲೆ ಕ್ಲಿಪ್ ತೆಗೆಯಿರಿ.