ಸಿಗ್ನಲ್‌ನ ದಾರಿ ಹಿಡಿದು

ಆಡಿಯೋ-ವಿಡಿಯೋ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಸದ್ದು ಬರಲಿಲ್ಲವೋ, ಕೈಗೆ ಸಿಕ್ಕ ನಾಬ್ ತಿರುಗಿಸುವುದು. ಒಂದು ಸಭೆಯಲ್ಲಿ ಭಾಷಣ ಶುರುವಾಗಬೇಕಿತ್ತು, ಮೈಕ್‌ನಿಂದ ಸದ್ದೇ ಇಲ್ಲ. ಮಿಕ್ಸರ್‌ನಲ್ಲಿ ಗೇನ್, ಅಂದರೆ ಒಳಬರುವ ಸಿಗ್ನಲನ್ನು ದೊಡ್ಡದು ಮಾಡುವ ನಾಬ್, ಏರಿಸಿದೆ. ಫೇಡರ್ ಅನ್ನುವ ಜಾರುಗುಂಡಿ ಏರಿಸಿದೆ. ಆಂಪ್ಲಿಫೈಯರ್‌ನ ನಾಬನ್ನೂ ಕೊನೆಯವರೆಗೆ ತಿರುಗಿಸಿದೆ. ಅಷ್ಟರಲ್ಲಿ ಭಾಷಣ ಮಾಡುವವರು ಮೈಕ್‌ನಲ್ಲೇ ಇದ್ದ ಸ್ವಿಚ್ ಒತ್ತಿದರು. ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡರು.

ನಮ್ಮ ಸೀನಿಯರ್ ಬೈಯಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಹಾಳೆ ಕೊಟ್ಟು, "ಮೈಕ್‌ನಿಂದ ಸ್ಪೀಕರ್‌ವರೆಗೆ ಸಿಗ್ನಲ್ ಹೋಗೋ ದಾರಿ ಬರಿ" ಅಂದರು. ನಾಲ್ಕು ಡಬ್ಬ ಬರೆದು ನಡುವೆ ಗೆರೆ ಎಳೆದೆ. ಒಂದೊಂದು ಗೆರೆಯ ಮೇಲೂ ಬೆರಳಿಟ್ಟು, "ಇಲ್ಲಿ ಎಷ್ಟು ವೋಲ್ಟ್ ಇದೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಮಿಕ್ಸರ್‌ನಿಂದ ಹೊರಗೆ ಹೋಗುವುದು ಲೈನ್ ಲೆವೆಲ್. ವೃತ್ತಿಪರ ಸಾಧನಗಳಲ್ಲಿ ಅದು +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಮನೆಬಳಕೆಯ ಸಾಧನಗಳಲ್ಲಿ −10 ಡಿಬಿವಿ, ಸುಮಾರು 0.316 ವೋಲ್ಟ್. ಆಂಪ್ಲಿಫೈಯರ್ ದಾಟಿದ ಮೇಲೆ ಹತ್ತಾರು ವೋಲ್ಟ್ ಆಗುತ್ತದೆ. ಮೋಸ ಇರುವುದು ಪ್ಲಗ್‌ನಲ್ಲಿ. ಒಂದೇ ಥರದ ಪ್ಲಗ್ ಈ ಮೂರಕ್ಕೂ ಇರಬಹುದು. ತೂರಿಸಿದರೆ ತೂರುತ್ತದೆ, ಆದರೆ ಆ ಕಡೆಯ ಯಂತ್ರ ಕಾಯುತ್ತಿರುವುದು ಬೇರೆಯದೇ ಲೆವೆಲ್‌ಗೆ. ಲೈನ್ ಸಿಗ್ನಲ್ ತಂದು ಮೈಕ್ ಇನ್‌ಪುಟ್‌ಗೆ ಹಾಕಿದರೆ ಸದ್ದು ಒಡೆಯುತ್ತದೆ. ಮೈಕ್ ತಂದು ಲೈನ್ ಇನ್‌ಪುಟ್‌ಗೆ ಹಾಕಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಇಷ್ಟು ಗೊತ್ತಾದ ಮೇಲೆ ಗೇನ್ ಅನ್ನುವುದು ಬೇರೆಯೇ ಆಗಿ ಕಾಣತೊಡಗಿತು. ಅಲ್ಲಿಯವರೆಗೆ ಅದು ನನಗೆ ಇನ್ನೊಂದು ವಾಲ್ಯೂಮ್ ಅಷ್ಟೇ. ಆದರೆ ಸಿಗ್ನಲ್ ಹಾದುಹೋಗುವ ಪ್ರತಿ ಡಬ್ಬವೂ ತನ್ನದೊಂದಿಷ್ಟು ಗೊರಗೊರ ಸೇರಿಸುತ್ತದೆ. ಮೊದಲಲ್ಲಿ ಗೇನ್ ಕಡಿಮೆ ಇಟ್ಟು ಕೊನೆಯಲ್ಲಿ ಏರಿಸಿದರೆ ಆ ಗೊರಗೊರವೂ ಜೊತೆಗೇ ಏರುತ್ತದೆ. ಹಾಗಾಗಿ ಬೇಕಾದಷ್ಟನ್ನು ಮೊದಲ ಮೆಟ್ಟಿಲಲ್ಲೇ ಏರಿಸಬೇಕು. ಹಾಗಂತ ಜಾಸ್ತಿ ಏರಿಸಿದರೂ ಕಷ್ಟವೇ. ಡಿಜಿಟಲ್ ಮಿಕ್ಸರ್‌ನಲ್ಲಿ ಮೀಟರಿನ ತುದಿ 0, ಅದರ ಮೇಲೆ ಹೋಗಲು ಜಾಗವೇ ಇಲ್ಲ, ಸಿಗ್ನಲ್‌ನ ತಲೆ ಕತ್ತರಿಸಿ ಹೋಗುತ್ತದೆ. ನಾನು ಮಾಮೂಲಿ ಮಾತನ್ನು −18 ಡೆಸಿಬೆಲ್‌ನ ಆಸುಪಾಸು ಇಡುತ್ತೇನೆ. ಯಾರಾದರೂ ಇದ್ದಕ್ಕಿದ್ದಂತೆ ಜೋರಾಗಿ ನಕ್ಕರೆ ಮೇಲೆ ಜಾಗ ಇರಬೇಕಲ್ವಾ?

ಡೆಸಿಬೆಲ್ (ಡಿಬಿ) ವಿಷಯದಲ್ಲಿ ನಾನೂ ಎಲ್ಲರ ಹಾಗೆ ಎಡವಿದ್ದೇನೆ. 100 ವ್ಯಾಟ್‌ನ ಆಂಪ್ಲಿಫೈಯರ್ ತೆಗೆದು 200 ವ್ಯಾಟ್‌ನದು ಇಟ್ಟರೆ ಸದ್ದು ಎರಡು ಪಟ್ಟಾಗುತ್ತದೆ ಅಂದುಕೊಂಡಿದ್ದೆ. ಆಗುವುದು 3 ಡಿಬಿ ಮಾತ್ರ, ಕಿವಿಗೆ ಸ್ವಲ್ಪ ಜಾಸ್ತಿ ಅನ್ನಿಸಿದರೆ ಅದೇ ದೊಡ್ಡದು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಅದಕ್ಕಿಂತ ಸ್ಪೀಕರನ್ನು ಜನರ ಹತ್ತಿರ ತರುವುದು ಸುಲಭ. ಬಯಲಲ್ಲಿ ದೂರ ಅರ್ಧ ಆದರೆ 6 ಡಿಬಿ ಪುಕ್ಕಟೆ ಸಿಗುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಾತ್ರ ಗುಂಯ್ ಅನ್ನುವ ಹಮ್. ಒಂದು ಕಡೆ ಎಲ್ಲ ಚೆನ್ನಾಗಿತ್ತು, ಲ್ಯಾಪ್‌ಟಾಪ್ ಜೋಡಿಸಿದ ತಕ್ಷಣ ಗುಂಯ್. ವೈರ್ ಬದಲಿಸಿದೆ, ಮಿಕ್ಸರ್‌ನ ಚಾನೆಲ್ ಬದಲಿಸಿದೆ, ಹೋಗಲಿಲ್ಲ. ಬೇಸತ್ತು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತೆ, ನಿಂತೇಹೋಯಿತು! ಲ್ಯಾಪ್‌ಟಾಪ್‌ಗೆ ಚಾರ್ಜರ್ ಮೂಲಕ ಒಂದು ಅರ್ತ್ ಇತ್ತು, ಮಿಕ್ಸರ್‌ಗೆ ಅದರ ಪವರ್ ಪ್ಲಗ್ ಮೂಲಕ ಇನ್ನೊಂದು. ಎರಡನ್ನೂ ಆಡಿಯೋ ವೈರಿನ ಶೀಲ್ಡ್ (ಒಳಗಿನ ತಂತಿಗೆ ಹೊದಿಸಿದ ಲೋಹದ ಹೊದಿಕೆ) ಸೇರಿಸಿ ಒಂದು ಸುತ್ತು ಮಾಡಿಬಿಟ್ಟಿತ್ತು. ಆ ಸುತ್ತಿನಲ್ಲಿ ಕರೆಂಟ್ ಹರಿದರೆ ಮೇನ್ಸ್‌ನ 50 ಅಥವಾ 60 ಹರ್ಟ್ಸ್, ಅದರ ಇಮ್ಮಡಿ ಮುಮ್ಮಡಿಗಳೆಲ್ಲ ಸ್ಪೀಕರ್‌ನಲ್ಲಿ ಕೇಳುತ್ತವೆ. ಇದಕ್ಕೆ ಕೆಲವರು ಪವರ್ ಪ್ಲಗ್‌ನ ಅರ್ತ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಪ್ರಾಣ ಉಳಿಸಲು ಇರುವ ಪಿನ್. ಕತ್ತರಿಸಬೇಕಾದದ್ದು ಆಡಿಯೋ ವೈರಿನ ಮೂಲಕ ಹೋಗುವ ಅರ್ತ್ ದಾರಿಯನ್ನು. ನನ್ನ ಚೀಲದಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇರುವ ಎರಡು ಡಿಐ ಬಾಕ್ಸ್ (ಸಾಧನಕ್ಕೂ ಮಿಕ್ಸರ್‌ಗೂ ನಡುವೆ ಜೋಡಿಸುವ ಪುಟ್ಟ ಡಬ್ಬ) ಯಾವಾಗಲೂ ಇರುತ್ತವೆ. ಅವುಗಳೊಳಗೆ ಸಿಗ್ನಲ್ ದಾಟುತ್ತದೆ, ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಶೀಲ್ಡ್‌ನ ಜೋಡಣೆ ತಪ್ಪುತ್ತದೆ.

ಉದ್ದದ ವೈರಿಗೆ ಬ್ಯಾಲೆನ್ಸ್ಡ್ ಕೇಬಲ್ ಯಾಕೆ ಅನ್ನುವುದೂ ಆಗಲೇ ತಲೆಗೆ ಹೋದದ್ದು. ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಪ್ಲಗ್‌ನಲ್ಲಿ 1ನೇ ಪಿನ್ ಶೀಲ್ಡ್, 2ನೇದರಲ್ಲಿ ಸಿಗ್ನಲ್, 3ನೇದರಲ್ಲಿ ಅದೇ ಸಿಗ್ನಲ್ ತಲೆಕೆಳಗಾಗಿ. ದಾರಿಯಲ್ಲಿ ಹತ್ತಿಕೊಳ್ಳುವ ಕೆಟ್ಟ ಸದ್ದು ಎರಡು ತಂತಿಗೂ ಒಂದೇ ಸಮ ಹತ್ತುತ್ತದೆ. ಆ ತುದಿಯ ಯಂತ್ರ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಸಮಾನವಾಗಿದ್ದದ್ದು ವಜಾ, ತಲೆಕೆಳಗಾಗಿದ್ದದ್ದು ಎರಡು ಪಟ್ಟು. ಇದನ್ನು ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ.

ವಿಡಿಯೋಗೆ ಬಂದಾಗ ನನ್ನ ಹಾಳೆಯ ಗೆರೆಗಳು ಕೈಕೊಟ್ಟವು. ಆಡಿಯೋ ವೈರಿನಲ್ಲಿ ಸಿಗ್ನಲ್ ಒಂದೇ ಕಡೆಗೆ ಹೋಗುತ್ತದೆ. ಎಚ್‌ಡಿಎಂಐ ಹಾಗಲ್ಲ, ಅಲ್ಲಿ ಮೊದಲು ಮಾತುಕತೆ ನಡೆಯುತ್ತದೆ. ಪರದೆಯು ಇಡಿಐಡಿ ಅನ್ನುವ ಒಂದು ಪುಟ್ಟ ಪರಿಚಯಪತ್ರ ಇಟ್ಟುಕೊಂಡಿರುತ್ತದೆ, ಅದರ ಮೊದಲ ಭಾಗ ಬರೀ 128 ಬೈಟ್. ನಾನು ಇಷ್ಟು ರೆಸಲ್ಯೂಶನ್ ತೋರಿಸಬಲ್ಲೆ, ಇಂಥ ಆಡಿಯೋ ತೆಗೆದುಕೊಳ್ಳಬಲ್ಲೆ ಅಂತ ಅದರಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಓದಿ, ಆಮೇಲೆ ಏನು ಕಳಿಸಬೇಕೆಂದು ತೀರ್ಮಾನಿಸುತ್ತದೆ. ಒಮ್ಮೆ ಹೊಸ 4ಕೆ ಟಿವಿಯಲ್ಲಿ ಚಿತ್ರ ಮಂಕಾಗಿ ಬರುತ್ತಿತ್ತು. ಟಿವಿಯೇ ಸರಿಯಿಲ್ಲ ಅಂತ ಅರ್ಧ ದಿನ ಅದರ ಸೆಟ್ಟಿಂಗ್ ಕೆದಕಿದೆ. ಅಸಲಿಗೆ ನಡುವೆ ಒಂದು ಸ್ಪ್ಲಿಟರ್ ಇತ್ತು, ಅದರ ಇನ್ನೊಂದು ತುದಿಯಲ್ಲಿ ಹಳೆಯ ಪ್ರೊಜೆಕ್ಟರ್. ಸ್ಪ್ಲಿಟರ್ ಆ ಹಳೆಯದರ ಪರಿಚಯಪತ್ರವನ್ನೇ ಲ್ಯಾಪ್‌ಟಾಪ್‌ಗೆ ತೋರಿಸುತ್ತಿತ್ತು. ಪಾಪ, ಲ್ಯಾಪ್‌ಟಾಪ್ ಕೇಳಿದ್ದನ್ನೇ ಕೊಡುತ್ತಿತ್ತು.

ಅಂದಿನಿಂದ ನನ್ನ ಹಾಳೆಯಲ್ಲಿ ವಿಡಿಯೋ ಗೆರೆಗೆ ಎರಡೂ ಕಡೆ ಬಾಣ. ಸಿನಿಮಾ ಹಾಕಿದಾಗ ಮಾತ್ರ ಪರದೆ ಕಪ್ಪಾಗಿ, ಪ್ರೆಸೆಂಟೇಶನ್ ಸರಿಯಾಗಿ ಬಂದರೆ ನಾನು ಎಚ್‌ಡಿಸಿಪಿಯನ್ನು ಅನುಮಾನಿಸುತ್ತೇನೆ. ಅದು ನಕಲು ತಡೆಯುವ ಬೀಗ. ದಾರಿಯಲ್ಲಿರುವ ಒಂದೇ ಒಂದು ಡಬ್ಬದ ಬಳಿ ಕೀಲಿ ಇಲ್ಲದಿದ್ದರೂ ಚಿತ್ರ ಬರುವುದಿಲ್ಲ.

"ಡಿಜಿಟಲ್ ಅಂದ್ರೆ ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ" ಅನ್ನುವವರಿದ್ದಾರೆ. ಪೂರ್ತಿ ನಿಜ ಅಲ್ಲ. ನಡುವೆ ಒಂದು ಕಿರಿದಾದ ಜಾಗ ಇದೆ, ಅಲ್ಲಿ ಪರದೆಯ ಮೇಲೆ ಚುಕ್ಕಿಗಳು ಮಿನುಗುತ್ತವೆ, ಚಿತ್ರ ಹೋಗಿ ಹೋಗಿ ಬರುತ್ತದೆ. ಲೆಕ್ಕ ಹಾಕಿ ನೋಡಿ. 1920 × 1080 ಪಿಕ್ಸೆಲ್, ಪ್ರತಿಯೊಂದಕ್ಕೂ 24 ಬಿಟ್, ಸೆಕೆಂಡಿಗೆ 60 ಫ್ರೇಮ್. ಸುಮಾರು 3 ಗಿಗಾಬಿಟ್ ಆಯಿತು. 4ಕೆ ಅದರ ನಾಲ್ಕು ಪಟ್ಟು, 12. ಜೊತೆಗೆ ಸಾಗಿಸಲು ಬೇಕಾಗುವ ಹೆಚ್ಚುವರಿ ಬಿಟ್‌ಗಳೂ ಸೇರಿ 18ರ ಹತ್ತಿರ ಬರುತ್ತದೆ, ಎಚ್‌ಡಿಎಂಐ 2.0ರ ಮಿತಿಯೂ ಅದೇ. ವರ್ಷಗಟ್ಟಲೆ ಸರಿಯಾಗಿದ್ದ ಉದ್ದದ ವೈರು ಪರದೆ ಬದಲಿಸಿದ ದಿನವೇ ಯಾಕೆ ಕೆಟ್ಟಿತು ಅಂತ ಇನ್ನು ಕೇಳಬೇಕಿಲ್ಲ. ದೂರ ಜಾಸ್ತಿ ಇದ್ದರೆ ನಾನು ಸುಮ್ನೆ ಫೈಬರ್ ಅಥವಾ ನೆಟ್‌ವರ್ಕ್ ವೈರಿನಲ್ಲಿ ವಿಡಿಯೋ ಸಾಗಿಸುವ ಎಚ್‌ಡಿಬೇಸ್‌ಟಿಗೆ ಹೋಗಿಬಿಡುತ್ತೇನೆ.

ತುಟಿಗೂ ಮಾತಿಗೂ ಹೊಂದದಿರುವುದು ಇನ್ನೊಂದು ತಲೆನೋವು. ಚಿತ್ರವನ್ನು ಹಿಗ್ಗಿಸುವ, ತಿದ್ದುವ ಪ್ರತಿ ಯಂತ್ರವೂ ಒಂದೆರಡು ಫ್ರೇಮ್ ತಿನ್ನುತ್ತದೆ. 60 ಫ್ರೇಮ್‌ನಲ್ಲಿ ಒಂದಕ್ಕೆ 16.7 ಮಿಲಿಸೆಕೆಂಡ್. ಆಡಿಯೋ ಅಷ್ಟು ತಡವಾಗುವುದಿಲ್ಲ, ಹಾಗಾಗಿ ಮಾತು ಮೊದಲು, ತುಟಿ ಆಮೇಲೆ. ಮಿಂಚು ಮೊದಲು, ಗುಡುಗು ಆಮೇಲೆ ಅನ್ನುವುದಕ್ಕೆ ನಾವು ಹೊಂದಿಕೊಂಡಿದ್ದೇವೆ, ತಿರುಗುಮುರುಗಾದರೆ ಬೇಗ ಚುಚ್ಚುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಶಿಫಾರಸಿನ ಪ್ರಕಾರ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂದೆ ಇದ್ದರೇ ಜನರಿಗೆ ಗೊತ್ತಾಗುತ್ತದೆ, ಹಿಂದೆ ಇದ್ದರೆ 125ರವರೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಾನು ಆಡಿಯೋಗೆ ಡಿಲೇ ಹಾಕುತ್ತೇನೆ. ಎಷ್ಟು ಅಂತ ಕಣ್ಣಳತೆಯಲ್ಲಿ ಹಾಕುತ್ತಿದ್ದ ಕಾಲವೂ ಇತ್ತು. ಈಗ ಬೆಳಕು ಮತ್ತು ಬೀಪ್ ಒಟ್ಟಿಗೆ ಬರುವ ಕ್ಲಿಪ್ ಹಾಕಿ, ಫೋನಿನಲ್ಲಿ ಚಿತ್ರೀಕರಿಸಿ, ಒಂದೊಂದೇ ಫ್ರೇಮ್ ನೋಡುತ್ತೇನೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ 3 ಮಿಲಿಸೆಕೆಂಡ್. ಹಾಗಾಗಿ ಹಿಂದಿನ ಸಾಲಿನಲ್ಲಿ ನಿಂತು ಅಳೆದರೆ ಲೆಕ್ಕ ಬೇರೆ ಬರುತ್ತದೆ.

ಕ್ಲಾಕ್, ಅಂದರೆ ಡಿಜಿಟಲ್ ಯಂತ್ರಕ್ಕೆ ತಾಳ ಹಾಕುವ ಒಳಗಿನ ಗಡಿಯಾರ, ಅದರ ಬಗ್ಗೆ ಒಂದೇ ಮಾತು. ಡಿಜಿಟಲ್ ಆಡಿಯೋದಲ್ಲಿ ಎರಡು ಯಂತ್ರ ಜೋಡಿಸಿ, ಆಗಾಗ ಸಣ್ಣಗೆ ಟಿಕ್ ಟಿಕ್ ಕೇಳಿಸಿದರೆ ವೈರ್ ಬದಲಿಸುವ ಮೊದಲು ಯಾರ ಗಡಿಯಾರ ಯಜಮಾನ ಅಂತ ನೋಡಿ. ಎರಡೂ 48 ಕಿಲೋಹರ್ಟ್ಸ್ ಅಂತಲೇ ತೋರಿಸುತ್ತವೆ, ಆದರೆ ತಂತಮ್ಮ ಗಡಿಯಾರದಲ್ಲಿ. ನಾನು ಮೂರು ವೈರ್ ಬದಲಿಸಿದ ಮೇಲೆ ನೋಡಿದೆ.

ಈಗ ತೊಂದರೆ ಹುಡುಕುವಾಗ ಒಂದು ತುದಿಯಿಂದ ಶುರು ಮಾಡುವುದಿಲ್ಲ. ಹಾಳೆಯಲ್ಲಿ ಬರೆದ ದಾರಿಯ ನಟ್ಟನಡುವೆ ಹೋಗಿ ಸಿಗ್ನಲ್ ಇದೆಯಾ ನೋಡುತ್ತೇನೆ. ಇದ್ದರೆ ತಪ್ಪು ಮುಂದೆ, ಇಲ್ಲದಿದ್ದರೆ ಹಿಂದೆ. ಎಂಟು ಡಬ್ಬ ಇದ್ದರೂ ಮೂರು ಸಲ ನೋಡಿದರೆ ಸಾಕು. ಇತ್ತೀಚೆಗೆ ಒಂದು ಕೋಣೆಯಲ್ಲಿ ಎಡಗಡೆಯ ಸ್ಪೀಕರ್ ಸುಮ್ಮನಾಗಿತ್ತು. ಮೂರನೇ ಸಲಕ್ಕೆ ರ‍್ಯಾಕ್‌ನ ಹಿಂದೆ ಟಾರ್ಚ್ ಹಿಡಿದು ಕೂತಿದ್ದೆ. ಎಡ ಅಂತ ಲೇಬಲ್ ಇದ್ದ ವೈರು ಹೋಗಿದ್ದು ರೆಕಾರ್ಡರ್‌ಗೆ. ಲೇಬಲ್ ಮೇಲಿನ ಕೈಬರಹ ನನ್ನದೇ.